ಹೆಜ್ಜೆ ಕದಿಯುವವರು

ಇವತ್ತೂ ಯಾರೋ ಅಂಗಳ ಗುಡಿಸಿ ಹೋಗಿದ್ದರು.

ಸೆಕಾಯಿ ಅಜ್ಜಿ ಹೊಸ್ತಿಲಲ್ಲೇ ನಿಂತಳು. ನಿನ್ನೆ ಬಾವಿಗೆ ಹೋಗಿಬಂದ ಅವಳ ಹೆಜ್ಜೆಗಳು ಕೆಂಪು ಮಣ್ಣಿನ ಮೇಲೆ ಒಂದೂ ಉಳಿದಿರಲಿಲ್ಲ. ಬೇಲಿಯವರೆಗೂ ಪೊರಕೆಯ ಗೀರುಗಳು ಮಾತ್ರ.

ಅವಳು ಪೊರಕೆ ಮುಟ್ಟಿ ತಿಂಗಳುಗಳಾಗಿದ್ದವು.

ಗುಟು ಸೀಮೆಯಲ್ಲಿ ಮಾತು ಬರುವ ಮೊದಲೇ ಮಕ್ಕಳಿಗೆ ಇದು ಗೊತ್ತಾಗಿರುತ್ತದೆ: ನಿಮ್ಮ ಹೆಜ್ಜೆಯ ಮಣ್ಣು ಆಗದವರ ಕೈ ಸೇರಿದರೆ ನಿಮ್ಮ ಜೀವ ಅವರ ಮುಷ್ಟಿಯಲ್ಲಿ. ಊಟ ಸೇರುವುದಿಲ್ಲ. ನಿದ್ದೆ ಹತ್ತುವುದಿಲ್ಲ. ಎದೆಯ ಮೇಲೆ ಬೀಸುಕಲ್ಲು ಇಟ್ಟಂತಾಗುತ್ತದೆ. ಗಂಡ ತೀರಿಕೊಂಡಾಗಿನಿಂದ ಅಜ್ಜಿಗೆ ಆಗುತ್ತಿದ್ದುದೂ ಅದೇ. ದುಃಖ ಎಂದುಕೊಂಡಿದ್ದಳು. ಈಗ ಕಾರಣ ಸಿಕ್ಕಿತು.

ಗೀರುಗಳನ್ನು ಬಗ್ಗಿ ನೋಡಿದಳು. ಮೊನ್ನೆ ಕಂಡಿದ್ದವು ಎಡಗೈಯವು. ಇಡೀ ಊರಿಗೆ ಎಡಚಿ ಒಬ್ಬಳೇ, ಓರಗಿತ್ತಿ ರೆವಾಯಿ. ಇಂದಿನವು ಬಲಗೈಯವು, ಗಿಡ್ಡ ಪೊರಕೆಯವು. ನಿನ್ನೆಯವು ಉದ್ದ ಇದ್ದವು.

"ಕೈ ಬದಲಾಯಿಸ್ತಾಳೆ, ಕಳ್ಳಿ," ಎಂದಳು ಅಜ್ಜಿ. ಕೇಳುವವರು ಇರಲಿಲ್ಲ. ಗಂಡ ಕೂರುತ್ತಿದ್ದ ಮರದ ಸ್ಟೂಲಿಗೆ ಹೇಳಿದಳು.

ರೆವಾಯಿಯ ಮೇಲಿನ ಸಿಟ್ಟು ಹಳೆಯದು. ಗಂಡನನ್ನು ಮಣ್ಣು ಮಾಡಿದ ದಿನ ಎಲ್ಲರ ಮುಂದೆ ಅವಳು ಅಂದಿದ್ದಳು: "ಅತ್ತುಬಿಡು ಅಕ್ಕಾ. ಊರವರ ಅಳು ಎಲ್ಲಾ ಕೇಳಿಸ್ಕೊಂಡು ನಿನ್ನದನ್ನ ಮಾತ್ರ ನುಂಗ್ತೀಯಲ್ಲ." ಅವತ್ತೇ ಅವಳನ್ನು ಮನೆಯಿಂದ ಹೊರಗೆ ಹಾಕಿದ್ದಾಯಿತು.

ಕೇಳಿಸಿಕೊಳ್ಳುವುದು ಅಜ್ಜಿಯ ಕೆಲಸವಾಗಿತ್ತು. ಆಸ್ಪತ್ರೆಯ ಹಿಂದೆ, ಮಾವಿನ ಮರದ ಕೆಳಗೆ, ಅವಳದೊಂದು ಬೆಂಚು. ಯೋಚನೆ ತಲೆಗೆ ಹತ್ತಿದವರು, ಮಗು ಕಳೆದುಕೊಂಡವರು, ಗಂಡನ ಕೈಯಲ್ಲಿ ನರಳಿದವರು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಔಷಧಿ ಏನೂ ಇರಲಿಲ್ಲ, ಕಿವಿ ಇತ್ತು. ದುಃಖದಲ್ಲಿದ್ದ ನೆರೆಯವರಿಗೆ ಏನು ಮಾಡೋಣ ಎಂದು ಕೇಳಿದರೆ ಹೇಳುತ್ತಿದ್ದಳು: "ಬಾಗಿಲು ಬಡೀಬೇಡಿ. ಅಂಗಳ ನೋಡಿ. ಕಸ ಹಾಗೇ ಬಿದ್ದಿದ್ರೆ ಒಳಗಿರೋ ಮನಸ್ಸೂ ಹಾಗೇ ಬಿದ್ದಿದೆ ಅಂತ ತಿಳೀರಿ."

ಗಂಡ ಹೋದ ಮೇಲೆ ಅವಳು ಬೆಂಚಿನತ್ತ ಹೋಗಲಿಲ್ಲ. ಮೊದಮೊದಲು ಜನ ಬಂದು ಬಾಗಿಲು ಬಡಿದರು. "ಇನ್ನೂ ಸತ್ತಿಲ್ಲ, ಹೋಗಿ!" ಎಂದು ಒಳಗಿನಿಂದಲೇ ಕೂಗಿದಳು. ಬಡಿಯುವುದು ನಿಂತಿತು. ಅಷ್ಟು ಜನರ ಕಣ್ಣೀರು ಒರೆಸಿದ ಕೈ. ಈಗ ಅದನ್ನು ಹಿಡಿಯುವವರಿಲ್ಲ.

ಬಾವಿಕಟ್ಟೆಗೆ ಅವಳು ತಲುಪಿದ ಮೇಲೆ ಮುಚನೇತಾ ಬಂದಳು. ಹಿಂದೆ ಕೂಸು ತೀರಿಕೊಂಡಾಗ ಒಂದು ಇಡೀ ಮಳೆಗಾಲ ಆ ಬೆಂಚಿನ ಮೇಲೆ ಕೂತು ಅತ್ತಿದ್ದ ಹೆಣ್ಣು.

"ನಿದ್ದೆ ಬಂತಾ ಅಜ್ಜಿ?"

ಬೆಳಗಿನ ಈ ಮಾತಿಗೆ ಆ ಸೀಮೆಯಲ್ಲಿ ಉತ್ತರ ಒಂದೇ: ನಿಮಗೆ ಬಂದಿದ್ದರೆ ನನಗೂ ಬಂತು. ಅಜ್ಜಿ ಅರ್ಧ ನುಂಗಿದಳು. "ಬಂತು."

"ನನಗೆಲ್ಲಿಂದ ಬರ್ಬೇಕು? ಕೋಳಿ ಕೂಗೋ ಮೊದ್ಲೇ ಏಳೋ ಕೆಲಸ," ಮುಚನೇತಾ ನಕ್ಕಳು. ಹಗ್ಗ ಇಳಿಬಿಡುತ್ತಾ ಕೇಳಿದಳು, "ಎಡಗಾಲು ಎಳೀತಿದೀರಲ್ಲ, ನೋವು ಜಾಸ್ತಿನಾ?"

ಅಜ್ಜಿ ಕೊಡವನ್ನು ಹತ್ತಿರ ಎಳೆದುಕೊಂಡಳು. ತಾನು ನಡೆದದ್ದನ್ನು ಇವಳು ನೋಡಿಯೇ ಇಲ್ಲ, ಹೆಜ್ಜೆ ನೋಡಿ ತಿಳಿದಿರಬೇಕು. ಇವಳೂ ಸೇರಿಕೊಂಡಿದ್ದಾಳೆ.

"ನಾಡಿದ್ದು ಊರ ಯಜಮಾನರ ನ್ಯಾಯದ ಕಟ್ಟೆಗೆ ಬರ್ತೀನಿ. ಒಬ್ಬಳ ಹೆಸರು ಹೇಳೋದಿದೆ."

"ಬನ್ನಿ ಅಜ್ಜಿ, ಬನ್ನಿ. ನೀವು ಹೊರಗೆ ಕಾಲಿಟ್ರೆ ಸಾಕು ನಮ್ಗೆ."

ಸಾಕು ನಮ್ಗೆ! ಮನೆ ಮುಟ್ಟುವವರೆಗೂ ಆ ಮಾತು ಹಿಂದೆ ಬಂತು. ಮಾಟಗಾತಿ ಎಂದು ಹೆಸರು ಬಿದ್ದವಳ ಕೈನೀರು ಈ ಊರು ಮುಟ್ಟುವುದಿಲ್ಲ. ಅವಳ ಮಕ್ಕಳ ಮನೆಗೆ ಹೆಣ್ಣು ಕೊಡುವುದಿಲ್ಲ. ಅದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ರೆವಾಯಿಗೆ ಅದೇ ಸರಿ. ಅಲ್ಲಿಯವರೆಗೆ ಒಂದೇ ಉಪಾಯ: ಕದಿಯಲು ಹೆಜ್ಜೆಯನ್ನೇ ಕೊಡಬಾರದು.

ಮರುದಿನ ಅವಳು ಬಾಗಿಲು ತೆಗೆಯಲಿಲ್ಲ. ನಿನ್ನೆಯ ಮೆಕ್ಕೆಜೋಳದ ಮುದ್ದೆಯನ್ನು ನೀರಿನಲ್ಲಿ ಕಿವುಚಿ ಕುಡಿದಳು. ಬೇಲಿಯಾಚೆ ಯಾರೋ ನಡೆದುಬಂದು ನಿಂತರು, ಹೋದರು. ಮಧ್ಯಾಹ್ನ ಮತ್ತೆ ಬಂದರು. ಈ ಸಲ ಇಬ್ಬರು. ಪಿಸುಮಾತು. ಬೇಲಿಯ ಸಂದಿನಿಂದ ಅಂಗಳದತ್ತ ಇಣುಕುತ್ತಿದ್ದಾರೆ. ಅಜ್ಜಿ ಮುಚ್ಚಿದ ಮನೆಯ ಕತ್ತಲಲ್ಲಿ ನಕ್ಕಳು. ಹುಡುಕಿ, ಹುಡುಕಿ.

ಸಂಜೆಗೆ ಅಂಗಳದ ತುಂಬ ಕಾಲುಗಳ ಸದ್ದು. ಹತ್ತಲ್ಲ, ಇಪ್ಪತ್ತಲ್ಲ. ಬಾಗಿಲು ದಡದಡ ಅಂದಿತು. ಅಜ್ಜಿ ಒನಕೆ ಎತ್ತಿಕೊಂಡಳು. ಬಾಗಿಲಿಗೆ ಎದುರಾಗಿ ನಿಂತು ಅದನ್ನು ತಲೆಯ ಮೇಲಕ್ಕೆ ಎತ್ತಿದಳು.

"ಒಡೀರಿ!" ರೆವಾಯಿ ಕಿರುಚಿದಳು. "ನಿಂತು ನೋಡ್ತೀರೇನ್ರೋ, ಒಡೀರಿ!"

ಅಗುಳಿ ಮುರಿಯಿತು. ಎಡಗೈಯಲ್ಲಿ ಪೊರಕೆ ಹಿಡಿದ ರೆವಾಯಿ ಒಳಗೆ ಬಂದು ಬಿದ್ದಳು. ಎತ್ತಿದ ಒನಕೆಯ ಕಡೆ ನೋಡಲೇ ಇಲ್ಲ. ಅಜ್ಜಿಯ ಪಾದಗಳೆರಡನ್ನೂ ತಬ್ಬಿಕೊಂಡಳು.

"ಬೆಚ್ಚಗಿದಾವೆ," ಹಿಂದೆ ತಿರುಗಿ ಕೂಗಿದಳು, "ಬೆಚ್ಚಗಿದಾವೆ ಕಣ್ರೋ!"

ಹಿಂದೆ ಆ ಬೆಂಚಿನ ಮೇಲೆ ಕೂತು ಅತ್ತವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಒಬ್ಬಳ ಕೈಯಲ್ಲಿ ಗಿಡ್ಡ ಪೊರಕೆ, ಇನ್ನೊಬ್ಬಳ ಕೈಯಲ್ಲಿ ಉದ್ದದ್ದು. ಮುಚನೇತಾ ಮುಂದೆ ಬಂದಳು.

"ಬಾಗಿಲು ಬಡೀಬೇಡಿ, ಅಂಗಳ ನೋಡಿ ಅಂದೋರು ನೀವೇ ಅಲ್ವಾ?" ಬಿಕ್ಕಿದಳು. "ದಿನಾ ಹಳೇ ಹೆಜ್ಜೆ ಅಳಿಸಿ, ಹೊಸದು ಬೀಳುತ್ತಾ ಅಂತ ಕಾಯ್ತಿದ್ವಿ. ಇವತ್ತು ಒಂದೂ ಬೀಳಲಿಲ್ಲ, ಅಜ್ಜಿ."