ಬಚ್ಚಲಿಗೆ ಸುರಿದ ಚಹಾ

ಬಸುರಿಯರಿಗೆ ವಾರಕ್ಕೊಮ್ಮೆ ಬರುವ ಚೀಟಿಯನ್ನು ಕಸ್ತೂರಿ ಎರಡು ಸಲ ಓದಿದಳು. ಹೊಟ್ಟೆಯೊಳಗಿನ ಕೂಸಿನ ಜೀವಕೋಶಗಳಲ್ಲಿ ಹೃದಯವಾಗುವವು, ಕಣ್ಣಾಗುವವು ಸರಿಯಾಗಿದ್ದವು. ಬೆರಳಾಗುವವು ಮಾತ್ರ ಬೇಕಾದ್ದಕ್ಕಿಂತ ಹೆಚ್ಚು, ಗಂಟಲಿಗೆ ಒಂದೂ ಇಲ್ಲ. ಇವತ್ತು ಸಂಜೆಯಾದರೆ ಯಾವ ಕೋಶವೂ ದಾರಿ ಬದಲಿಸುವುದಿಲ್ಲವೆಂದು ಕೆಳಗೆ ಬರೆದಿತ್ತು.

ಇದು ಅತ್ತೆ ಮಲ್ಲವ್ವನದೇ ಕೆಲಸ! ಅವಳ ಮಗನನ್ನೇ ನೋಡಬಾರದೇ? ಹನ್ನೆರಡು ಬೆರಳು, ಬಾಯಲ್ಲಿ ಮಾತಿಲ್ಲ. ನೇಕಾರರ ಮನೆಗೆ ಇನ್ನೇನು ಬೇಕು? ಕೋಶಗಳಿಗೆ ದಾರಿ ತೋರುವ ಹನಿಯನ್ನು ಅತ್ತೆ ಚಹಾಕ್ಕೆ ಬೆರೆಸುವುದನ್ನು ಕಂಡಾಗಿನಿಂದ, ಮೂರು ವಾರ, ಕಸ್ತೂರಿ ಕಪ್ಪನ್ನು ಬಚ್ಚಲಿಗೆ ಸುರಿದಿದ್ದಳು. ಹಾಗಾದರೆ ಸಾರಿನಲ್ಲೂ ಹಾಕಿದಳೇ?

"ಏನ್ ಹಾಕೀರಿ ನನ್ನ ಹೊಟ್ಟ್ಯಾಗ?" ಎಂದು ಚೀಟಿಯನ್ನು ಅತ್ತೆಯ ಮುಂದೆ ಹಿಡಿದಳು.

ಮಲ್ಲವ್ವ ಮಗ್ಗ ನಿಲ್ಲಿಸಿ ಓದಿದಳು. ಮುಖ ಬಿಳಚಿಕೊಂಡಿತು.

"ಮಗ್ಗದ ಸಪ್ಪಳಕ್ಕ ಕೋಶ ತಾವಾಗೇ ಬೆರಳ ಆಗ್ತಾವ. ನನ್ನ ಮಗಂದು ಹಂಗ ಆತು, ಆಗ ನನಗ ಗೊತ್ತಿರಲಿಲ್ಲ. ಅದಕ್ಕ ನಿನ್ನ ಚಹಾದಾಗ ದಿನಾ ಗಂಟಲಿನ ಹನಿ ಹಾಕೇನಿ. ಮೊಮ್ಮಗಾದ್ರೂ ನನಗ ಅಜ್ಜಿ ಅನ್ಲಿ ಅಂತ."

ಕಸ್ತೂರಿ ಬಾಗಿಲಾಚೆ ನೋಡಿದಳು. ಬಿಸಿಲು ಬಚ್ಚಲ ಗೋಡೆಯಿಂದ ಇಳಿಯುತ್ತಿತ್ತು.

"ಅತ್ತೀ," ಎಂದಳು, "ಲಗೂನ ಚಹಾ ಇಡ್ರಿ."