ಹನ್ನೆರಡನೆಯ ವರ್ಷದ ಸಂಕೇತ

ಹಳೆಯ ಗಣಿಯೊಂದರ ಆಳದಲ್ಲಿಟ್ಟ ಹರಳುಗಳನ್ನು ಕಾಯುತ್ತ ವಾರಿಜಾ ಹನ್ನೆರಡು ವರ್ಷ ಕಳೆದಿದ್ದಳು. ಅವುಗಳ ಒಂದು ಪರಮಾಣುವಾದರೂ ನ್ಯೂಟ್ರಿನೊ ಎಂಬ ಕಣವನ್ನು ಹೊರಬಿಡದೆ, ಎರಡು ಎಲೆಕ್ಟ್ರಾನುಗಳನ್ನಷ್ಟೇ ಚಿಮ್ಮಿಸಿ ಕ್ಷಯಿಸಿದರೆ ಸಾಕಿತ್ತು. ನ್ಯೂಟ್ರಿನೊ ಮತ್ತು ಅದರ ಪ್ರತಿಕಣ ಎರಡೂ ಒಂದೇ ಎಂಬುದಕ್ಕೆ ಮೊದಲ ಸಾಕ್ಷಿ ಸಿಗುತ್ತಿತ್ತು. ಸಿಗಲಿಲ್ಲ. ಬರುವ ತಿಂಗಳು ಪ್ರಯೋಗವನ್ನೇ ಮುಚ್ಚಬೇಕೆಂದು ಆದೇಶ ಬಂತು. ಅದನ್ನು ಓದಿದಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಮರುವಾರ, ಹಿಂದಿನ ದಿನಗಳ ದಾಖಲೆ ನೋಡುವಾಗ ಅಂಥ ಕ್ಷಯದ ಸಂಕೇತ ಕಂಡಿತು. ಎಲ್ಲರೂ ಅವಳತ್ತ ತಿರುಗಿದರು. ತಂಡದ ಎಚ್ಚರವನ್ನು ಪರೀಕ್ಷಿಸಲು ಆಗಾಗ ಸುಳ್ಳು ಸಂಕೇತ ಸೇರಿಸುವ ಕೆಲಸ ಅವಳದು. ಯಾವುದು ಸುಳ್ಳೆಂದು ಅವಳೊಬ್ಬಳಿಗೇ ಗೊತ್ತು.

"ಇದು ನಾನು ಹಾಕಿದ್ದಲ್ಲ," ಎಂದಳು.

ಜೊತೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅವಳು ಮಾತ್ರ ಮರಗಟ್ಟಿದವಳಂತೆ ಕೂತು ವರದಿ ಬರೆದಳು. ಮರುದಿನ, ಈ ಪ್ರಯೋಗವನ್ನು ಕಟ್ಟಿದ ಗುರು ಹೆಬ್ಬಾರರನ್ನು ನೋಡಲು ಆಸ್ಪತ್ರೆಗೆ ಹೋದಳು. ಅವರು ಅಲ್ಲಿ ಸೇರಿ ಮೂರು ದಿನವಾಗಿತ್ತು.

"ಸಿಕ್ತು ಸರ್."

ಹೆಬ್ಬಾರರು ಕಣ್ಣು ತೆರೆದರು. "ಮುಚ್ಚೋದು ನಿಲ್ಲಿಸಿದ್ರಾ?"

"ನಿಲ್ಲಿಸಿದ್ರು ಸರ್. ಬೆಳಿಗ್ಗೆ ಫೋನ್ ಬಂತು. ನಾಳೆ ಜಗತ್ತಿಗೆಲ್ಲ ಹೇಳ್ತಾರಂತೆ, ನಿಮ್ಮ ಹೆಸರಲ್ಲೇ."

ಅವರು ಅವಳ ಕೈ ಹಿಡಿದುಕೊಂಡರು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಅಳು ಬಂತು.

"ನಾಳೆ ಹೇಳೋದು ಬೇಡ ಅಂತ ತಿಳಿಸಮ್ಮ," ಎಂದರು ಹೆಬ್ಬಾರರು. "ನಿಮ್ಮನ್ನೆಲ್ಲ ಮನೆಗೆ ಕಳಿಸಿಬಿಡ್ತಾರಲ್ಲ ಅಂತ, ಆಸ್ಪತ್ರೆಗೆ ಬರೋ ಮುಂಚೆ ಆ ಸಂಕೇತ ಹಾಕಿದ್ದು ನಾನು."