ಸಾಲು ಸಮೇತ ಉತ್ತರಿಸಿ

"ಪದ್ಯದ ಆಶಯ ಎಂತ? ಸಾಲು ಸಮೇತ ಹೇಳಬೇಕು," ಎಂದು ಕೇಳಿದಳು ಶಶಿಪ್ರಭಾ ಟೀಚರ್. ಒಂಬತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಶಾಲೆಯ ಸಂಚಾಲಕ ಶೀನಪ್ಪನವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪುಣೆಯಲ್ಲಿ ಹೋಟೆಲು ಇಟ್ಟವರು. ವರ್ಷಕ್ಕೊಮ್ಮೆ ಶಿರ್ತಾಡಿಗೆ ಬಂದಾಗ ತಾತ್ಕಾಲಿಕ ಟೀಚರೊಬ್ಬರ ಪಾಠ ಕೇಳುತ್ತಾರೆ. ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಜೂನಿನಲ್ಲಿ ಆ ಜಾಗಕ್ಕೆ ಹೊಸಬರು. ಅಡುಗೆಭಟ್ಟರನ್ನು ಆರಿಸುವಾಗ ಸಾಂಬಾರಿನ ರುಚಿ ನೋಡುತ್ತಾರಲ್ಲ, ಹಾಗೆ. ಇವತ್ತು ತಪ್ಪಿದರೆ ಮೂಡುಬಿದಿರೆಯ ಯಾವುದಾದರೂ ಜವಳಿ ಅಂಗಡಿಯಲ್ಲಿ ಸೀರೆ ಮಡಚುವುದೇ ಗತಿ ಎಂದು ಶಶಿಪ್ರಭಾಗೆ ಚೆನ್ನಾಗಿ ಗೊತ್ತಿತ್ತು.

ಆ ತರಗತಿಯಲ್ಲಿ ಶೀನಪ್ಪನವರ ಹೆಸರಿಲ್ಲದ ವಸ್ತು ಎಂದರೆ ಮಕ್ಕಳು ಮಾತ್ರ. ಕಪಾಟಿನ ಮೇಲೆ ಹೆಸರು, ನೀರಿನ ಡ್ರಮ್ಮಿನ ಮುಚ್ಚಳದಲ್ಲಿ ಹೆಸರು, ಫ್ಯಾನಿನ ಮೂರು ರೆಕ್ಕೆಗಳಲ್ಲೂ ಹೆಸರು. ತಿರುಗಿದರೆ ಓದಲಾಗದು ಎಂದು ಅವರು ಬಂದ ದಿನ ಫ್ಯಾನು ಹಾಕುವಂತಿಲ್ಲ. ಹಾಗಾಗಿ ಏಪ್ರಿಲಿನ ಸೆಕೆಯಲ್ಲಿ ದಾನಿಯೂ ಬೆವರುತ್ತಿದ್ದರು, ದಾನ ಪಡೆದವರೂ ಬೆವರುತ್ತಿದ್ದರು.

"ಎಂತದಾದ್ರೂ ಹಾಸ್ಯದ ಪದ್ಯ ಮಾಡಿ ಟೀಚರೇ, ಮಕ್ಕಳು ನಗಲಿ," ಎಂದವರು ಅವರೇ. ಪುಸ್ತಕದಲ್ಲಿ ಇದ್ದ ಹಾಸ್ಯದ ಪದ್ಯ ಒಂದೇ. ಗ್ರಹಚಾರಕ್ಕೆ ಅದು ಬಸ್ ಸ್ಟ್ಯಾಂಡಿಗೆ ಬೆಂಚು ದಾನ ಮಾಡಿದ ಸಾಹುಕಾರನ ಕಥೆ.

ಮೊದಲು ಎದ್ದು ನಿಂತವನು ಅಶ್ವಿತ್. "ದಾನದ ಮಹಿಮೆಯೇ ಈ ಪದ್ಯದ ಆಶಯ, ಟೀಚರ್."

"ಶಹಬಾಸ್!" ಎಂದರು ಶೀನಪ್ಪನವರು.

ಅಲ್ಲಿಗೆ ಬಿಟ್ಟಿದ್ದರೆ ಕೆಲಸ ಖಾಯಂ ಆಗುತ್ತಿತ್ತು. ಆದರೆ ವರ್ಷವಿಡೀ ಪಳಗಿದ ನಾಲಿಗೆ ಸುಮ್ಮನಿದ್ದೀತೇ? "ಯಾವ ಸಾಲಿನಲ್ಲಿ ಉಂಟು, ಓದು," ಎಂದುಬಿಟ್ಟಳು.

ಅಶ್ವಿತ್ ಪುಟವನ್ನು ಆಚೆ ಈಚೆ ಮಗುಚಿದ. "ಗೈಡಿನಲ್ಲಿ ಉಂಟು ಟೀಚರ್."

ತರಗತಿ ಗೊಳ್ಳೆಂದಿತು. ನಗು ನಿಲ್ಲುವ ಮೊದಲೇ ಕಿಟಕಿಯ ಹತ್ತಿರದ ರಿಫಾ ಎದ್ದಳು. "ಮಹಿಮೆ ಅಲ್ಲ ಟೀಚರ್, ಗೇಲಿ. ಅವನು ಕೊಟ್ಟದ್ದು ಜನರಿಗೆ ಅಲ್ಲ, ತನ್ನ ಹೆಸರಿಗೆ. ಸಾಲು ಉಂಟು, ಓದ್ತೇನೆ." ಯಾರೂ ಬೇಡ ಎನ್ನುವ ಮೊದಲೇ ಓದಿಯೂ ಆಯಿತು:

ಕೂತರೆ ಹೆಸರು ಮಾಸೀತೆಂದು
ಕೂರಲು ಯಾರನು ಬಿಡನವನು;
ಊರಿನ ಮಂದಿ ನಿಂತೇ ಇರುವರು,
ನಿಂತೇ ಕಾವಲು ಕಾಯುವನು.

ಶೀನಪ್ಪನವರ ಅಲುಗುತ್ತಿದ್ದ ಕಾಲು ನಿಂತಿತು. "ಇಬ್ಬರಲ್ಲಿ ಯಾರದ್ದು ಸರಿ, ಟೀಚರೇ?"

'ಎರಡೂ ಸರಿ' ಎಂಬ ಮಾತು ಶಶಿಪ್ರಭಾಳ ನಾಲಿಗೆ ತುದಿಗೆ ಬಂದಿತ್ತು. ಎಷ್ಟೋ ಮಂದಿ ಅದೊಂದು ಮಾತಿನಲ್ಲೇ ನೌಕರಿ ಮುಗಿಸಿ ಪಿಂಚಣಿ ತೆಗೆದುಕೊಂಡಿದ್ದಾರೆ. ಆದರೆ ರಿಫಾಳ ಬೆರಳು ಇನ್ನೂ ಆ ಸಾಲಿನ ಮೇಲೇ ಇತ್ತು. ಹುಡುಗಿ ಟೀಚರ ಮುಖವನ್ನೇ ನೋಡುತ್ತಿದ್ದಳು.

"ರಿಫಾ ಹೇಳಿದ್ದೇ ಸರಿ, ಸರ್," ಎಂದಳು ಶಶಿಪ್ರಭಾ. ಮನೆಯಲ್ಲಿ ಅಮ್ಮನಿಗೆ ಏನು ಹೇಳುವುದೆಂಬ ಚಿಂತೆ ಆಗಲೇ ಶುರುವಾಗಿತ್ತು.

ಶೀನಪ್ಪನವರು ತೊಡೆ ತಟ್ಟಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ ಮಾರಾಯ್ರೆ, ಇದು ನಮ್ಮ ನಿತ್ಯಾನಂದ ಭಾವನೇ! ಪಂಚಾಯತಿಗೆ ಗಡಿಯಾರ ಕೊಟ್ಟಿದ್ದಾನೆ. ಮುಳ್ಳು ಕಾಣದಷ್ಟು ದೊಡ್ಡದಾಗಿ ಹೆಸರು ಬರೆಸಿದ್ದಾನೆ. ಅದರ ಕೆಳಗೆ ನಿಂತು ಜನ ಕೈಗಡಿಯಾರ ನೋಡ್ತಾರೆ! ಈ ಕವಿಗೆ ಅವನ ಗುರ್ತ ಉಂಟೋ ಏನೋ!" ಕಣ್ಣೊರೆಸಿಕೊಂಡು ಎದ್ದರು. "ಪಾಠ ಅಂದ್ರೆ ಇದು. ನಿಮ್ಮ ಆರ್ಡರಿಗೆ ಇವತ್ತೇ ಸೈನು ಹಾಕ್ತೇನೆ. ಈ ಪದ್ಯ ಊರಿನವರೆಲ್ಲ ಓದ್ಬೇಕು. ಗೇಟಿನ ಹತ್ತಿರದ ಗೋಡೆಯಲ್ಲಿ ಬರೆಸುವ."

ಮರುದಿನವೇ ಪೇಂಟರು ಬಂದರು. ಪದ್ಯ ಕಪ್ಪು ಬಣ್ಣದಲ್ಲಿ ಮುಗಿಯಿತು. ಅದರ ಕೆಳಗೆ ಇನ್ನೊಂದು ಸಾಲು ಬರೆಯುವುದಿತ್ತು. ಯಾವ ಬಣ್ಣ ಎಂದು ಪೇಂಟರು ಕೇಳಿದ್ದು ಅಲ್ಲೇ ನಿಂತಿದ್ದ ಶಶಿಪ್ರಭಾಳನ್ನು. ಖಾಯಂ ಆಗಿ ಇನ್ನೂ ಒಂದು ದಿನ ತುಂಬದಿದ್ದರೂ ಖಾಯಂ ಆದವರ ಬುದ್ಧಿ ಆಗಲೇ ಬಂದಾಗಿತ್ತು.

"ಕೆಂಪು ಹಾಕಿ. ದೂರಕ್ಕೂ ಕಾಣಲಿ," ಎಂದಳು.

ಸಂಜೆ ಶಾಲೆ ಬಿಟ್ಟಾಗ ಶಶಿಪ್ರಭಾಳ ಜೊತೆ ಗೇಟಿಗೆ ಬಂದ ರಿಫಾ ಗೋಡೆಯೆದುರು ನಿಂತು ತಲೆ ಎತ್ತಿ ಪೂರ್ತಿ ಓದಿದಳು. ಪದ್ಯಕ್ಕಿಂತ ಎರಡು ಪಟ್ಟು ದೊಡ್ಡ ಅಕ್ಷರದಲ್ಲಿ ಕೊನೆಗೆ ಹೀಗಿತ್ತು: 'ಈ ಪದ್ಯದ ಕೊಡುಗೆ: ಶ್ರೀ ಶೀನಪ್ಪ, ಹೋಟೆಲ್ ಉದ್ಯಮಿ, ಪುಣೆ. ೧೯೯೮.'

"ಟೀಚರ್," ಎಂದಳು, "ಈಗ ಆಶಯಕ್ಕೆ ಒಂದು ಸಾಲು ಜಾಸ್ತಿ ಸಿಕ್ಕಿತು."